ಎಸ್.ಪಿ. ರೋಡಿನಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಕಳೆದ ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ, ಮಾನಿಟರಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಕೇಳುತ್ತಾ ನಿಂತಿದ್ದವನು ನಾನು. ನನ್ನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಬರುತ್ತಿರಲಿಲ್ಲ. ಪಾಸ್‌ವರ್ಡ್ ಹಾಕಿದರೆ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪುಟ.

ಪಕ್ಕದಲ್ಲಿದ್ದ ನೀವು ಕೇಳಿಸಿಕೊಂಡು, "ಲಾಗಿನ್ ಕಾಣ್ತಿದೆ ಅಂದ್ರೆ ಕೇಬಲ್ ಸರಿ ಇದೆ ಅಲ್ವಾ? ಸುಮ್ನೆ ದುಡ್ಡು ಯಾಕೆ?" ಅಂದಿರಿ. ಅಂಗಡಿಯವರ ಮುಖ ನೋಡಬೇಕಿತ್ತು!

"ಸುಡೊ ಹಾಕಿ ಸ್ಟಾರ್ಟ್‌ಎಕ್ಸ್ ಕೊಟ್ಟಿದ್ರಾ?" ಅಂತ ಕೇಳಿದಿರಿ. ಕೊಟ್ಟಿದ್ದೆ; ಅಂದರೆ ಡೆಸ್ಕ್‌ಟಾಪ್ ಶುರು ಮಾಡುವ ಸ್ಟಾರ್ಟ್‌ಎಕ್ಸ್ ಕಮಾಂಡನ್ನು ಸುಡೊ ಸೇರಿಸಿ ಅಡ್ಮಿನ್ ಅಧಿಕಾರದಲ್ಲಿ ಓಡಿಸಿದ್ದೆ. ನೀವು ನಕ್ಕು, ನಿಮ್ಮ ಬಿಲ್ಲಿನ ಹಿಂದೆ ನಾಲ್ಕು ಸಾಲು ಗೀಚಿ ಕೊಟ್ಟಿರಿ.

ಮನೆಗೆ ಬಂದು ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ನೋಡಿದರೆ, ನನ್ನದೇ ಹೋಮ್ ಫೋಲ್ಡರಿನಲ್ಲಿ ಡೆಸ್ಕ್‌ಟಾಪ್ ತೆರೆಯುವ ಕೀಲಿ ಇರುವ ಎಕ್ಸ್‌ಅಥಾರಿಟಿ ಫೈಲಿಗೆ ಯಜಮಾನ ರೂಟ್, ಅಂದರೆ ಅಡ್ಮಿನ್ ಖಾತೆ! ಸುಡೊ ಹಾಕಿದ್ದರ ಫಲ. ನಮ್ಮನೆ ಬೀಗದ ಕೈ ಬೇರೆಯವರ ಜೇಬಲ್ಲಿದ್ದ ಹಾಗೆ. ಚೋನ್ ಕಮಾಂಡಿನಿಂದ ಅದನ್ನು ನನ್ನ ಹೆಸರಿಗೆ ಮಾಡಿ ರೀಬೂಟ್ ಕೊಟ್ಟೆ. ಡೆಸ್ಕ್‌ಟಾಪ್ ಬಂತು.

ನಾನಂತೂ ಪೈನ ಮೆಮೊರಿ ಕಾರ್ಡನ್ನೇ ಫಾರ್ಮ್ಯಾಟ್ ಮಾಡಲು ಹೊರಟಿದ್ದೆ. ಮಗಳು ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಆಟಗಳೆಲ್ಲ ಅದರಲ್ಲೇ ಇದ್ದವು. ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿದ್ದಿರಿ. ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮ್ಮ ಬಿಲ್ಲು ಈಗ ನನ್ನ ಮಾನಿಟರಿನ ಹಿಂದೆ ಅಂಟಿಕೊಂಡಿದೆ.