ಬಚ್ಚಲುಮನೆಯ ಗೋಡೆಗೂ ಒಂದಿಷ್ಟು ಸಂಶೋಧನೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನವಿತ್ತು. ನಾಲ್ಕು ದಶಕಗಳ ಹಿಂದೆ ಇಂಥದೇ ಕಾಲೇಜಿನಲ್ಲಿ ಸಿವಿಲ್ ಓದಿ, ಸರ್ಕಾರಿ ಕಟ್ಟಡಗಳನ್ನು ಕಟ್ಟಿಸುತ್ತಲೇ ನಿವೃತ್ತನಾದ ನನ್ನನ್ನೂ ಕರೆದಿದ್ದರು. ಹಿರಿಯ ನಾಗರಿಕರಿಗೆಂದು ಮಾಡಿದ ಸಾಧನಗಳೇ ಐದಾರು ಇದ್ದವು: ಬಿದ್ದ ಕೂಡಲೇ ಮಕ್ಕಳ ಮೊಬೈಲಿಗೆ ಸಂದೇಶ ಕಳಿಸುವ ಸೊಂಟಪಟ್ಟಿ, ಎದುರಿಗೆ ಏನಾದರೂ ಅಡ್ಡ ಬಂದರೆ ಸದ್ದು ಮಾಡುವ ಊರುಗೋಲು, ಮಾತ್ರೆಯ ಹೊತ್ತಿಗೆ ದೀಪ ಬೆಳಗುವ ಡಬ್ಬಿ. ಆ ಹುಡುಗ ಹುಡುಗಿಯರ ಶ್ರದ್ಧೆಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಸೊಂಟಪಟ್ಟಿ ಮಾಡಿದ ತಂಡವನ್ನು, "ಅಜ್ಜಿ ಎಲ್ಲಿ ಬೀಳುತ್ತಾರೆ, ಯಾಕೆ ಬೀಳುತ್ತಾರೆ ಎಂದು ಯಾರದಾದರೂ ಮನೆಗೆ ಹೋಗಿ ನೋಡಿದಿರಾ?" ಎಂದು ಕೇಳಿದೆ. ನೋಡಿರಲಿಲ್ಲ. ಸ್ನಾನ ಮಾಡುವಾಗ ಪಟ್ಟಿಯನ್ನು ಬಿಚ್ಚಿಡತಕ್ಕದ್ದು ಎಂದು ಮಾತ್ರ ಪಕ್ಕದ ಫಲಕದಲ್ಲಿ ಬರೆದಿದ್ದರು. ಈ ಪತ್ರಕ್ಕೆ ಆ ಒಂದು ಸಾಲೇ ಕಾರಣ.

ಏಕೆಂದರೆ ನನ್ನ ಪತ್ನಿ ಬಿದ್ದದ್ದು ಬಚ್ಚಲುಮನೆಯಲ್ಲಿಯೇ. ಎರಡು ವರ್ಷದ ಹಿಂದೆ ಒದ್ದೆ ನೆಲದ ಮೇಲೆ ಕಾಲು ಜಾರಿ ಸೊಂಟದ ಬಳಿಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ, ಕಮೋಡಿನ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು. ಅಂಗಡಿಯಲ್ಲಿ ಸಿಕ್ಕುವುದರಲ್ಲೇ ಗಟ್ಟಿಯಾದ ಸ್ಟೀಲ್ ಕಂಬಿ ತಂದೆ. ಪ್ಲಂಬರ್ ತೂತು ಕೊರೆದು ಕೂರಿಸಿದ. ಮೂರನೆಯ ವಾರ ನನ್ನ ಪತ್ನಿ ಏಳಲು ಹೋದಾಗ ಕಂಬಿ ಟೈಲ್ಸ್ ಸಮೇತ ಕೈಗೆ ಬಂತು. ಅದೃಷ್ಟಕ್ಕೆ ನಾನು ಬಾಗಿಲಲ್ಲೇ ನಿಂತಿದ್ದೆ. ಕಂಬಿಯನ್ನೋ ಪ್ಲಂಬರನನ್ನೋ ಬೈಯೋಣವೆಂದರೆ ಇಬ್ಬರದೂ ತಪ್ಪಿರಲಿಲ್ಲ. ಅದು ನಾಲ್ಕಿಂಚಿನ ಹಾಲೋ ಬ್ಲಾಕ್ ಗೋಡೆ. 1996ರಲ್ಲಿ ಆ ಮನೆಯ ನಕ್ಷೆ ಬರೆದು, ಒಳಗೋಡೆಗೆ ಇಷ್ಟು ಸಾಕು ಎಂದು ಮೇಸ್ತ್ರಿಗೆ ಹೇಳಿದವನು ನಾನೇ.

ಕಂಬಿ ಕಿತ್ತುಬರುವ ಲೆಕ್ಕ ಕಷ್ಟದ್ದೇನಲ್ಲ. ಕೂತ ಜಾಗದಿಂದ ಏಳುವ ವೃದ್ಧರು ಕಂಬಿಯನ್ನು ಕೆಳಕ್ಕೆ ಒತ್ತುವುದಕ್ಕಿಂತ ತಮ್ಮ ಕಡೆಗೆ ಎಳೆಯುವುದೇ ಹೆಚ್ಚು. ಕೆಳಕ್ಕೆ ಬೀಳುವ ಭಾರವನ್ನು ಬೋಲ್ಟು ಹೇಗೋ ತಡೆದುಕೊಳ್ಳುತ್ತದೆ. ಹೊರಕ್ಕೆ ಎಳೆಯುವ ಬಲಕ್ಕೆ ಅದು ಕಚ್ಚಿಕೊಂಡ ಗೋಡೆಯ ಒಳಗಿನ ಹಿಡಿತವೇ ಆಧಾರ. ಹಾಲೋ ಬ್ಲಾಕಿನಲ್ಲಿ ಬೋಲ್ಟಿಗೆ ಸಿಗುವುದು ಒಂದಿಂಚಿನ ಆಸುಪಾಸಿನ ಹೊರ ಕವಚ, ಅದರಾಚೆ ಟೊಳ್ಳು. ಗಾರೆಗೂ ಟೈಲ್ಸಿಗೂ ಎಳೆತ ತಡೆಯುವ ಶಕ್ತಿ ಇಲ್ಲವೇ ಇಲ್ಲ ಎನ್ನಬಹುದು. ಈಗ ಎಲ್ಲೆಡೆ ಬಳಕೆಗೆ ಬಂದಿರುವ ಹಗುರವಾದ ಎಎಸಿ ಬ್ಲಾಕುಗಳು, ಅಂದರೆ ಒಳಗೆಲ್ಲ ಗಾಳಿಯ ಗುಳ್ಳೆಗಳಿರುವ ಕಾಂಕ್ರೀಟಿನ ಇಟ್ಟಿಗೆಗಳು, ಮೆದು. ಅವುಗಳಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ಗು ದಿನಕ್ಕೆ ಹತ್ತು ಸಲದ ಎಳೆತಕ್ಕೆ ಸಡಿಲವಾಗದೆ ಉಳಿಯುವುದಿಲ್ಲ. ಅಮೆರಿಕದ ಮಾನದಂಡದ ಪ್ರಕಾರ ಇಂಥ ಕಂಬಿಯೂ ಅದರ ಜೋಡಣೆಯೂ 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರದ ಬಲವನ್ನು ತಾಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಕಂಬಿ ಅಷ್ಟನ್ನು ತಾಳಬಹುದು, ಗೋಡೆ ತಾಳುವುದಿಲ್ಲ.

ಇದಕ್ಕೆ ಪರಿಹಾರ ಕಂಡುಕೊಂಡು ಬಹಳ ಕಾಲವಾಗಿದೆ. ಅಮೆರಿಕದಲ್ಲಿ 1988ರಲ್ಲಿ ವಸತಿ ಹಕ್ಕಿನ ಕಾಯ್ದೆಗೆ ತಂದ ತಿದ್ದುಪಡಿಯು, ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಹೊಸ ಕಟ್ಟಡಗಳ ಬಚ್ಚಲುಮನೆಯ ಗೋಡೆಗಳನ್ನು ಮುಂದೆ ಯಾವಾಗಲಾದರೂ ಕಂಬಿ ಹಾಕಲು ಆಗುವಂತೆ ಮೊದಲೇ ಬಲಪಡಿಸಿರಬೇಕು ಎಂದು ವಿಧಿಸಿತು. ಕಂಬಿಯನ್ನು ಹಾಕಲೇಬೇಕೆಂದು ಅದು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಇಂದು ಮೂವತ್ತರ ಹರೆಯದ ದಂಪತಿ ಕೊಳ್ಳುವ ಮನೆಯಲ್ಲಿ ಕಂಬಿ ಬೇಡ. ಅವರಿಗೆ ಎಪ್ಪತ್ತಾಗುವ ಹೊತ್ತಿಗೆ ಗೋಡೆ ಸಿದ್ಧವಾಗಿದ್ದರೆ ಸಾಕು. ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿಯೂ, ಸ್ಥಳೀಯ ಯೋಜನಾ ಪ್ರಾಧಿಕಾರ ಕೇಳಿದ ಕಡೆ ಅನ್ವಯವಾಗುವ ಒಂದು ವರ್ಗದ ಮನೆಗಳಿಗೆ, ಶೌಚಾಲಯ ಮತ್ತು ಬಚ್ಚಲಿನ ಗೋಡೆಗಳು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರದಷ್ಟು, ಹೊರೆ ತಾಳುವಂತಿರಬೇಕು ಎಂಬ ಮಾತಿದೆ. ನಮ್ಮಲ್ಲಿ ಇದನ್ನು ಮಾಡಲು ಮರದ ಹಲಗೆಯೂ ಬೇಡ, ಆಮದು ಸಾಮಗ್ರಿಯೂ ಬೇಡ. ಕಮೋಡಿನ ಪಕ್ಕದ ಮತ್ತು ಸ್ನಾನದ ಜಾಗದ ಗೋಡೆಯಲ್ಲಿ ನೆಲದಿಂದ ಎರಡರಿಂದ ಮೂರು ಅಡಿಯ ನಡುವೆ ಹಾಲೋ ಬ್ಲಾಕಿನ ಬದಲು ಕಾಂಕ್ರೀಟಿನ ಪಟ್ಟಿಯೊಂದನ್ನು ಹಾಕಿದರೆ ಮುಗಿಯಿತು. ಕಿಟಕಿ, ಬಾಗಿಲುಗಳ ಮೇಲೆ ಕಾಂಕ್ರೀಟಿನ ಲಿಂಟಲ್ ಹಾಕಬಲ್ಲ ಯಾವ ಮೇಸ್ತ್ರಿಗೂ ಇದು ಹೊಸ ವಿದ್ಯೆಯಲ್ಲ. ಕಟ್ಟುವಾಗ ಒಂದೆರಡು ಚೀಲ ಸಿಮೆಂಟಿನ ಮಾತು; ಕಟ್ಟಿದ ಮೇಲಾದರೆ ಟೈಲ್ಸ್ ಒಡೆದು, ಗೋಡೆ ಕೊರೆದು, ಮತ್ತೆ ಟೈಲ್ಸ್ ಹಾಕಿ, ಅದೇ ಬಣ್ಣದ್ದು ಸಿಗದೆ ಪರದಾಡುವ ಮಾತು.

ನಮ್ಮಲ್ಲಿ ನಿಯಮಗಳೇ ಇಲ್ಲವೆಂದಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಹಿರಿಯರು ಮತ್ತು ಅಂಗವಿಕಲರಿಗಾಗಿಯೇ ಒಂದು ಅನುಬಂಧವಿದೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸಾರ್ವತ್ರಿಕ ಪ್ರವೇಶಸಾಧ್ಯತೆಯ ಮಾರ್ಗಸೂಚಿಯನ್ನು ಹೊರತಂದಿದೆ. ಆದರೆ ಮಾರ್ಗಸೂಚಿಯ ಹಣೆಬರಹ ಏನೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಡ್ಡಾಯವೆಂದು ಭಾವಿಸಿದ್ದನ್ನು 2017ರ ನಿಯಮಾವಳಿ ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ ಎಂದು ತಿಳಿಸಿ, ರಾಜಿಗೆ ಅವಕಾಶವಿಲ್ಲದ ಕನಿಷ್ಠ ನಿಯಮಗಳನ್ನು ಮೂರು ತಿಂಗಳಲ್ಲಿ ಬೇರ್ಪಡಿಸಿ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಇದು ದೊಡ್ಡ ಹೆಜ್ಜೆಯೇ. ಆದರೂ ಆ ಚರ್ಚೆಯೆಲ್ಲ ಹೆಚ್ಚಾಗಿ ಕಚೇರಿ, ನಿಲ್ದಾಣ, ಆಸ್ಪತ್ರೆಗಳ ಸುತ್ತ ನಡೆಯುತ್ತದೆ. ಮೊಣಕಾಲು ಸವೆದ, ಕಣ್ಣು ಮಂಜಾದ, ಆದರೆ ಯಾವ ಅಂಗವೈಕಲ್ಯ ಪ್ರಮಾಣಪತ್ರವೂ ಇಲ್ಲದ ವೃದ್ಧರು ದಿನದ ಬಹುಪಾಲು ಕಳೆಯುವುದು ಮನೆಯಲ್ಲಿ. 2011ರ ಜನಗಣತಿಯಲ್ಲಿಯೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ವರದಿಯ ಅಂದಾಜು. ಅವರು ಆಗ ಇರಲಿರುವ ಮನೆಗಳಲ್ಲಿ ಬಹಳಷ್ಟನ್ನು ನಾವು ಈ ವರ್ಷ, ಮುಂದಿನ ವರ್ಷ ಕಟ್ಟುತ್ತಿದ್ದೇವೆ.

ಇನ್ನು ನೆಲದ ವಿಷಯ. ಟೈಲ್ಸ್ ಅಂಗಡಿಯಲ್ಲಿ ಬಣ್ಣ, ಅಳತೆ, ಹೊಳಪು, ಬೆಲೆ ಎಲ್ಲ ಹೇಳುತ್ತಾರೆ. ಒದ್ದೆಯಾದಾಗ ಎಷ್ಟು ಜಾರುತ್ತದೆ ಎಂದು ಕೇಳಿದರೆ ಕೈಯಿಂದ ಉಜ್ಜಿ ತೋರಿಸುತ್ತಾರೆ. ಇದನ್ನು ಅಳೆಯುವ ವಿಧಾನಗಳಿವೆ. ರಸ್ತೆಯ ಮೇಲ್ಮೈ ಎಷ್ಟು ಜಾರುತ್ತದೆಂದು ನೋಡಲು ನಮ್ಮ ಹೆದ್ದಾರಿ ಎಂಜಿನಿಯರುಗಳು ಬಳಸುವ, ರಬ್ಬರಿನ ತುಂಡನ್ನು ತೂಗಾಡಿಸಿ ನೆಲಕ್ಕೆ ಸವರುವ ಪೆಂಡುಲಮ್ ಉಪಕರಣವೇ ಇದಕ್ಕೂ ಆಗುತ್ತದೆ. ಅದರ ಅಳತೆ 36 ಅಥವಾ ಹೆಚ್ಚಿದ್ದರೆ ಜಾರುವ ಅಪಾಯ ಕಡಿಮೆ, 24 ಅಥವಾ ಕಡಿಮೆಯಿದ್ದರೆ ಹೆಚ್ಚು ಎಂದು ಬ್ರಿಟನ್ನಿನಲ್ಲಿ ಪರಿಗಣಿಸುತ್ತಾರೆ. ಆದರೆ ಅಲ್ಲಿಯ ಪರೀಕ್ಷೆ ಸಾಮಾನ್ಯವಾಗಿ ಬರಿಯ ನೀರಿನದು. ನಮ್ಮ ಬಚ್ಚಲಿನ ನೆಲದ ಮೇಲೆ ನೀರಿನ ಜೊತೆ ಸಾಬೂನಿನ ನೊರೆ, ಸೀಗೇಪುಡಿ, ಶನಿವಾರದ ಎಣ್ಣೆಸ್ನಾನದ ಹರಳೆಣ್ಣೆ ಇರುತ್ತವೆ. ಗಡಸು ನೀರಿನ ಬಿಳಿಪೊರೆಯೂ ಕಟ್ಟಿರುತ್ತದೆ. ಎಣ್ಣೆ ಕಾಲಿನಲ್ಲಿ ನಡೆದಾಗ ಯಾವ ಟೈಲ್ಸ್ ತಡೆಯುತ್ತದೆ, ಕಡಪ ಕಲ್ಲು ಹೇಗೆ, ಹಳೆಯ ಕಾಲದ ಒರಟು ಚಪ್ಪಡಿ ಹೇಗೆ, ಆಸಿಡ್ ಹಾಕಿ ತೊಳೆದು ಹತ್ತು ವರ್ಷವಾದ ಮೇಲೆ ಅದೇ ಟೈಲ್ಸಿನ ಅಳತೆ ಎಷ್ಟಕ್ಕೆ ಇಳಿಯುತ್ತದೆ? ನಾಲ್ವರು ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ, ನಾಡಿನ ಪ್ರತಿ ಮನೆಗೂ ಬೇಕಾದ ಸಂಶೋಧನೆ ಇದು. ದೀಪಾವಳಿಯ ಅಭ್ಯಂಜನದ ನಂತರ ಮೂಳೆ ಡಾಕ್ಟರ ಬಳಿಗೆ ಹೋದವರನ್ನು ನಾನೇ ಮೂರು ಜನರನ್ನು ಬಲ್ಲೆ.

ಬಾಗಿಲು, ಹೊಸ್ತಿಲುಗಳದೂ ಇದೇ ಕಥೆ. ಬಚ್ಚಲಿನ ಬಾಗಿಲು ರೂಢಿಯಂತೆ ಎರಡೂವರೆ ಅಡಿ. ಚೌಕಟ್ಟು ಕಳೆದರೆ ಉಳಿಯುವ ದಾರಿ 25 ಇಂಚಿನ ಆಸುಪಾಸು. ಸಾಮಾನ್ಯ ವ್ಹೀಲ್‌ಚೇರ್ ಅಗಲವೇ ಅಷ್ಟಿರುತ್ತದೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗಿ ಹೊರಗಿನವರು ತಳ್ಳಲೂ ಆಗದು. ಮುಂಬಾಗಿಲಿನ ಹೊಸ್ತಿಲಿಗೆ ನಾವು ಅರಿಸಿನ ಕುಂಕುಮ ಹಚ್ಚುತ್ತೇವೆ, ಅದನ್ನು ತೆಗೆಯಿರಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ; ಬಚ್ಚಲಿನ ಹೊಸ್ತಿಲಿಗೆ ಯಾರೂ ಪೂಜೆ ಮಾಡುವುದಿಲ್ಲವಾದ್ದರಿಂದ ಅಲ್ಲಿ ನೆಲದ ಇಳಿಜಾರನ್ನು ಸರಿಯಾಗಿ ಕೊಟ್ಟು, ಅಡ್ಡಲಾಗಿ ಜಾಲರಿಯ ಕಾಲುವೆ ಹಾಕಿ ನೀರು ತಡೆಯಬಹುದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ವೃದ್ಧರಿಗೆ ಊರುಗೋಲು, ವಾಕರ್, ವ್ಹೀಲ್‌ಚೇರ್, ಶ್ರವಣಸಾಧನಗಳನ್ನು ಉಚಿತವಾಗಿ ಕೊಡುತ್ತಾರೆ. ಒಳ್ಳೆಯದೇ. ಆ ವಾಕರ್ ಹಿಡಿದು ಹೊರಟವರು ಬಚ್ಚಲಿನ ಬಾಗಿಲವರೆಗೆ ಬಂದು ಅದನ್ನು ಹೊರಗೇ ಬಿಟ್ಟು ಗೋಡೆ ಹಿಡಿದು ಒಳಗೆ ಹೋಗುತ್ತಾರೆ. ಜಪಾನಿನಲ್ಲಿ 2000ದಿಂದ ಜಾರಿಯಲ್ಲಿರುವ ದೀರ್ಘಾವಧಿ ಆರೈಕೆ ವಿಮೆಯು ಸಾಧನಗಳ ಜೊತೆಗೆ ಮನೆಯ ಮಾರ್ಪಾಡಿಗೂ, ಅಂದರೆ ಕಂಬಿ ಹಾಕಲು, ಮೆಟ್ಟಿಲಿನಂಥ ಏರುಪೇರು ತೆಗೆಯಲು, ನೆಲ ಬದಲಿಸಲು, ಬಾಗಿಲನ್ನು ಜಾರುಬಾಗಿಲಾಗಿಸಲು, ಎರಡು ಲಕ್ಷ ಯೆನ್ ಮಿತಿಯೊಳಗಿನ ಖರ್ಚಿನ ಬಹುಪಾಲನ್ನು ಭರಿಸುತ್ತದೆ. ಅಲ್ಲಿ ಸಾಧನ ಮತ್ತು ಮನೆ ಎರಡೂ ಒಂದೇ ಕಡತದಲ್ಲಿವೆ.

ನಮ್ಮಲ್ಲಿ ಸಾಮರ್ಥ್ಯದ ಕೊರತೆಯಿಲ್ಲ. ಮದ್ರಾಸ್ ಐಐಟಿಯ ಪುನರ್ವಸತಿ ಸಾಧನಗಳ ಕೇಂದ್ರವು ಕೂತವರನ್ನು ನಿಲ್ಲಿಸಬಲ್ಲ 'ಅರೈಸ್' ವ್ಹೀಲ್‌ಚೇರನ್ನು 2019ರಲ್ಲಿ ಹೊರತಂದದ್ದು ನಮ್ಮ ನೆಲದ ಅಗತ್ಯ ಅರಿತೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ ಹಿರಿಯರನ್ನು ವರ್ಷಗಟ್ಟಲೆ ಅನುಸರಿಸಿ, ವಯಸ್ಸಾದಂತೆ ಮರೆವು ಹೇಗೆ ಬರುತ್ತದೆಂದು ಅಧ್ಯಯನ ಮಾಡುತ್ತಿದ್ದಾರೆ. ಅಷ್ಟು ತಾಳ್ಮೆಯಿಂದ ಒಬ್ಬ ಎಂಜಿನಿಯರ್ ಟೇಪು ಹಿಡಿದು ಅದೇ ಹಳ್ಳಿಗಳ ಜಗಲಿ, ಮೆಟ್ಟಿಲು, ಬಚ್ಚಲುಗಳನ್ನು ಅಳೆದರೆ ಎಷ್ಟು ಉಪಯೋಗ ಎಂದು ನನಗೆ ಅನ್ನಿಸುತ್ತಿರುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದಶಕಗಳಿಂದ ಧನಸಹಾಯ ಕೊಡುತ್ತಾ ಬಂದಿದೆ. ಹಿರಿಯರ ಮನೆಯ ನೆಲ, ಗೋಡೆ, ಮೆಟ್ಟಿಲುಗಳ ಅಧ್ಯಯನಕ್ಕೆಂದು ಅದರಲ್ಲಿ ಪ್ರತ್ಯೇಕ ಪಾಲಿಡಲಿ. ಸಿವಿಲ್ ಮತ್ತು ವಾಸ್ತುಶಿಲ್ಪ ವಿಭಾಗದ ಮಕ್ಕಳು ಫಿಸಿಯೋಥೆರಪಿ ಕಾಲೇಜಿನವರ ಜೊತೆ ಸೇರಿ ಮಾಡಲಿ. ಸ್ಥಳೀಯ ಸಂಸ್ಥೆಗಳು ನಕ್ಷೆ ಮಂಜೂರು ಮಾಡುವಾಗ, ಕನಿಷ್ಠ ನೆಲಮಹಡಿಯ ಒಂದು ಬಚ್ಚಲಿಗಾದರೂ ಬಲಪಡಿಸಿದ ಗೋಡೆ, ಮೂರಡಿ ಬಾಗಿಲು, ಹೊರಕ್ಕೆ ತೆರೆಯುವ ಕದ ಇರಬೇಕೆಂದು ಕಡ್ಡಾಯ ಮಾಡಲಿ. ಮಳೆನೀರು ಕೊಯ್ಲಿಗೆ ಬೆಂಗಳೂರಿನಲ್ಲಿ ಇಂಥ ಕಡ್ಡಾಯ ಈಗಾಗಲೇ ಇದೆ.

ನನ್ನ ಮಗ ಈಗ ಊರಾಚೆಯ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಬಚ್ಚಲಿನ ಗೋಡೆಯಲ್ಲಿ ಕಾಂಕ್ರೀಟ್ ಪಟ್ಟಿ ಹಾಕು ಎಂದಾಗ ಮೇಸ್ತ್ರಿ, "ಇಲ್ಲೇನು ಕಿಟಕಿ ಬರುತ್ತಾ ಸಾರ್?" ಎಂದು ಕೇಳಿ ನಕ್ಕ, ಆದರೂ ಹಾಕಿದ. ಟೈಲ್ಸ್ ಕೆಲಸ ಶುರುವಾಗಲು ಇನ್ನೂ ಐದಾರು ವಾರವಿದೆ. ಕಂಬಿ ಕೂರಿಸಿ, ಎಷ್ಟು ಎಳೆತಕ್ಕೆ ಪಟ್ಟಿ ನಿಲ್ಲುತ್ತದೆ, ಪಕ್ಕದ ಹಾಲೋ ಬ್ಲಾಕ್ ಎಷ್ಟಕ್ಕೆ ಸೋಲುತ್ತದೆ ಎಂದು ಅಳೆದು ನೋಡಲು ಯಾವ ಕಾಲೇಜಿನ ವಿದ್ಯಾರ್ಥಿಗಳು ಬಂದರೂ ಅಲ್ಲಿಯವರೆಗೆ ಆ ಗೋಡೆ ತೆರೆದಿರುತ್ತದೆ.

– ನಿವೃತ್ತ ಸಿವಿಲ್ ಎಂಜಿನಿಯರ್, ಶಿವಮೊಗ್ಗ