'ಲಟಕ್' ಸದ್ದಿಗೆ ಮರುಳಾಗಬೇಡಿ

ಮಾನ್ಯರೇ,

ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆಯಾದ ಕೈರೋಪ್ರಾಕ್ಟಿಕ್ ಎಂದರೆ ಕತ್ತು ತಿರುಗಿಸಿ 'ಲಟಕ್' ಎನ್ನಿಸುವ ವಿಡಿಯೊಗಳೇ ಹಲವರ ಕಣ್ಣಮುಂದೆ ಬರುತ್ತವೆ. ಆ ಸದ್ದು ಜಾರಿದ ಮೂಳೆ ಜಾಗಕ್ಕೆ ಕೂತದ್ದರಿಂದ ಬರುವುದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆ ಉಂಟಾಗುವುದೇ ಅದಕ್ಕೆ ಕಾರಣ. ನಟಿಗೆ ಮುರಿದಾಗ ಆಗುವುದೂ ಇದೇ.

1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಈ ಪದ್ಧತಿ ಆರಂಭಿಸಿದವರು ಡಿ.ಡಿ. ಪಾಮರ್, ಅದಕ್ಕೂ ಮೊದಲು ಅವರು ಅಯಸ್ಕಾಂತ ಚಿಕಿತ್ಸಕರು! ಬಹುತೇಕ ರೋಗಗಳಿಗೆ ಕಶೇರುಕಗಳ (ಬೆನ್ನೆಲುಬಿನ ಮಣಿಗಳ) ಸ್ಥಾನಪಲ್ಲಟವೇ ಮೂಲ ಎಂಬ ಅವರ ವಾದಕ್ಕೆ ಆಧಾರ ಸಿಕ್ಕಿಲ್ಲ. ಕೆಳಬೆನ್ನಿನ ನೋವಿಗೆ ಈ ಚಿಕಿತ್ಸೆಯಿಂದ ಸಾಧಾರಣ ಪ್ರಯೋಜನವಿದೆ, ಹೆಚ್ಚುಕಡಿಮೆ ವ್ಯಾಯಾಮದಷ್ಟೇ. ಆಸ್ತಮಾ ವಾಸಿಮಾಡುತ್ತೇವೆ ಎನ್ನುವವರಿಂದ ದೂರವಿರುವುದು ಲೇಸು.

ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಮೆದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಕತ್ತಿನ ಕಶೇರುಕಗಳ ರಂಧ್ರಗಳ ಮೂಲಕವೇ ಏರುತ್ತದೆ. ಕತ್ತನ್ನು ಜೋರಾಗಿ ತಿರುಚಿದ ಬಳಿಕ ಆ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು, ಅಪರೂಪವಾದರೂ, ವರದಿಯಾಗಿವೆ. ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಸಮಸ್ಯೆ) ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಇದನ್ನೆಲ್ಲ ಕೇಳದೆಯೇ ಕೈ ಹಾಕುವವರ ಮೇಜಿನಿಂದ ಎದ್ದು ಬನ್ನಿ. ಬೆನ್ನುನೋವಿನ ಜೊತೆ ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಹೋಗಬೇಕಾದದ್ದು ನೇರ ಆಸ್ಪತ್ರೆಗೆ.