ಕವಿಗಳ ಅಪ್ರಕಟಿತ ಬರಹ: ರಾಯಚೂರಿನಲ್ಲೂ ಹುಡುಕಾಟ ಆರಂಭವಾಗಲಿ

ಮಾನ್ಯರೆ,

ಟರ್ಕಿಯ ಮಹಾಕವಿ ನಾಜಿಂ ಹಿಕ್ಮೆತ್ ತೀರಿಕೊಂಡದ್ದು 1963ರಲ್ಲಿ. ಅವರ ಬರಹಗಳನ್ನು ಪತ್ರಾಗಾರಗಳಿಂದ ಹೊರತೆಗೆಯುವ ಕೆಲಸ ಆರು ದಶಕಗಳಾದರೂ ಮುಗಿದಿಲ್ಲ. 1938ರಲ್ಲಿ 28 ವರ್ಷಕ್ಕೂ ಮಿಕ್ಕಿದ ಶಿಕ್ಷೆಗೆ ಗುರಿಯಾದ ಅವರು ಜೈಲಿನಲ್ಲಿ ಬರೆದ ಎಷ್ಟೋ ಕವಿತೆಗಳು ಪತ್ನಿ ಪಿರಾಯೆಗೂ ಗೆಳೆಯರಿಗೂ ಬರೆದ ಕಾಗದಗಳ ಜೊತೆಗೇ ಹೊರಬಂದವು. 1951ರಲ್ಲಿ ದೇಶ ಬಿಟ್ಟು ಮಾಸ್ಕೋ ಸೇರಿದ ಮೇಲೆ ಅವರ ಪೌರತ್ವವೇ ರದ್ದಾಯಿತು. ಅದು ಮರಳಿದ್ದು 2009ರಲ್ಲಿ. ಹೀಗಾಗಿ ಅವರ ಹಾಳೆಗಳು ಮಾಸ್ಕೋದ ಸರ್ಕಾರಿ ಪತ್ರಾಗಾರದಲ್ಲಿ, ಬಂಧುಮಿತ್ರರ ಮನೆಗಳಲ್ಲಿ ಹಂಚಿಹೋದವು. 1928ರಲ್ಲಿ ಟರ್ಕಿಯು ಲಿಪಿ ಬದಲಿಸಿದ್ದರಿಂದ, ಅದಕ್ಕೂ ಮೊದಲು ಅರಬ್ಬಿ ಲಿಪಿಯಲ್ಲಿ ಬರೆದ ಹಾಳೆಗಳನ್ನು ಓದಲು ಇಂದು ತರಬೇತಾದವರೇ ಬೇಕು.

ಈ ಸಂಗತಿ ರಾಯಚೂರಿಗೆ ಹತ್ತಿರದ್ದು. 1948ರವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದೆವು; ನಮ್ಮ ಹಿರಿಯರು ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ಕನ್ನಡ ಆಡಿದವರು. ಕವಿ ಶಾಂತರಸರು ಕನ್ನಡದಲ್ಲಿ ಗಜಲ್ ಬೆಳೆಸಿದ್ದು ಇದೇ ಮಣ್ಣಿನಿಂದ. ಆದರೆ ಪ್ರಕಟವಾಗದೆ ಉಳಿದವರ ಬರಹ ಎಲ್ಲಿದೆ? ಪರಿಚಿತರೊಬ್ಬರ ಮನೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ನೋಡಿದೆ. ಮುಂದಿನ ಹಾಳೆಗಳಲ್ಲಿ ಅರಳೆ ವ್ಯಾಪಾರದ ಜಮಾ-ಖರ್ಚು. ಹಿಂದಿನಿಂದ ತೆರೆದರೆ ಉರ್ದು ಲಿಪಿಯ ಶೇರ್‌ಗಳು (ಎರಡು ಸಾಲಿನ ಪದ್ಯಗಳು), ಅವುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡದ ಸಾಲುಗಳು. ಕೆಳ ಅಂಚನ್ನು ಗೆದ್ದಲು ತಿಂದಿದೆ, ಮೊಮ್ಮಕ್ಕಳಿಗೆ ಉರ್ದು ಬಾರದು. ಮನೆ ಕಟ್ಟಿಸುವಾಗ ಇಂಥವು ರದ್ದಿಗೆ ಹೋಗುವುದನ್ನು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ಜಿಲ್ಲಾಡಳಿತವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ನಮ್ಮ ವಿಶ್ವವಿದ್ಯಾಲಯವೂ ಸೇರಿ ತಾಲ್ಲೂಕುವಾರು ಹುಡುಕಾಟ ನಡೆಸಬೇಕೆಂದು ಕೋರುತ್ತೇನೆ. ಮೂಲಪ್ರತಿಯನ್ನು ಮನೆಯವರಿಂದ ಕಿತ್ತುಕೊಳ್ಳಬೇಕಿಲ್ಲ. ಹಾಳೆಗಳ ಕ್ರಮ ಕೆಡಿಸದೆ, ಟೇಪು ಅಂಟಿಸದೆ, ಲ್ಯಾಮಿನೇಷನ್ ಮಾಡಿಸದೆ, ಮನೆಯಲ್ಲೇ ಸ್ಕ್ಯಾನ್ ಮಾಡಿ ಮರಳಿಸಿದರೆ ಸಾಕು. ಲೇಖಕ ತೀರಿದ ಮೇಲೆ ಮೊದಲ ಬಾರಿ ಅಚ್ಚಾಗುವ ಕೃತಿಗೂ ಪ್ರಕಟಣೆಯ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ, ವಾರಸುದಾರರ ಲಿಖಿತ ಒಪ್ಪಿಗೆಯನ್ನು ಅದೇ ಭೇಟಿಯಲ್ಲಿ ಪಡೆಯುವುದು ಒಳಿತು. ಎಲ್ಲಕ್ಕಿಂತ ತುರ್ತಿನದು ಓದುವವರನ್ನು ಹುಡುಕುವುದು: ಅವಸರದ ಉರ್ದು ಕೈಬರಹವನ್ನು ಸಲೀಸಾಗಿ ಓದಿ ಕನ್ನಡದಲ್ಲಿ ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಸ್ಕ್ಯಾನರ್ ಖರೀದಿಗೆ ಟೆಂಡರ್ ಕರೆಯುವ ಮೊದಲೇ ಅವರ ಪಟ್ಟಿ ಮಾಡಿ, ಗೌರವಧನ ಕೊಟ್ಟು, ಇಬ್ಬರು ವಿದ್ಯಾರ್ಥಿಗಳನ್ನಾದರೂ ಅವರ ಬಳಿ ಕಲಿಯಲು ಕೂರಿಸಬೇಕು.

– ನಿವೃತ್ತ ಉಪನ್ಯಾಸಕ, ರಾಯಚೂರು